ಕರಡಿಗೂ ಕಬಡ್ಡಿಗೂ ಒಂದೇ ಲೆನ್ಸ್ ಸಾಕಾ?

ಪ್ರಶ್ನೆ: ನನ್ನ ಹತ್ತಿರ ಕ್ಯಾನನ್ 1500ಡಿ ಇದೆ. ಜೊತೆಗೆ 18-55, 55-250 ಲೆನ್ಸ್‌ಗಳಿವೆ. ದರೋಜಿ ಕರಡಿಧಾಮದ ಕರಡಿ, ತುಂಗಭದ್ರಾ ಹಿನ್ನೀರಿನ ಹಕ್ಕಿ, ಜಾತ್ರೆಯಲ್ಲಿ ರಾತ್ರಿ ನಡೆಯುವ ಕಬಡ್ಡಿ, ಇವೆಲ್ಲ ತೆಗೆಯೋ ಆಸೆ. 250ರಲ್ಲಿ ಕರಡಿ ತೀರ ಚಿಕ್ಕದಾಗಿ ಬರುತ್ತದೆ. ಕಬಡ್ಡಿ ಫೋಟೊ ಎಲ್ಲ ಮಸುಕು. ಒಂದು ಲಕ್ಷದವರೆಗೆ ಹಾಕಬಲ್ಲೆ. 150-600 ತಗೊಂಡರೆ ಎರಡೂ ಸರಿಹೋಗುತ್ತಾ?
– ಗಂಗಾವತಿಯ ಓದುಗರು

ಉತ್ತರ: ಕರಡಿಗೆ ಸರಿಹೋಗುತ್ತದೆ. ಕಬಡ್ಡಿಗೆ ಬೇಡವೇ ಬೇಡ. ಕರಡಿ ವಿಷಯದಲ್ಲಿ ನಿಮಗೆ ಕಾಡುತ್ತಿರುವುದು ದೂರ, ಕಬಡ್ಡಿಯಲ್ಲಿ ಬೆಳಕು. ಎಷ್ಟು ಎಂಎಂ ಬೇಕು ಅಂತ ಎಲ್ಲರೂ ಕೇಳುತ್ತಾರೆ (ಲೆನ್ಸ್ ಹೆಸರಿನ 250, 600 ಇವೇ ಆ ಎಂಎಂ; ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ). ಎಷ್ಟು ದೂರದಿಂದ, ಎಷ್ಟು ಗಂಟೆಗೆ ತೆಗೆಯುತ್ತೀರಿ ಅನ್ನೋದನ್ನು ಮೊದಲು ಬರೆದಿಟ್ಟುಕೊಳ್ಳಿ. ಆಮೇಲೆ ಲೆನ್ಸ್ ತಾನಾಗಿಯೇ ಗೊತ್ತಾಗುತ್ತದೆ.

ದೂರಕ್ಕೆ ಒಂದು ಸುಲಭ ಲೆಕ್ಕ ಇದೆ. ನಿಮ್ಮ ಕ್ಯಾಮೆರಾದ ಸೆನ್ಸರ್ ಅಗಲ 22.3 ಮಿಲಿಮೀಟರ್. ದೂರವನ್ನು ಅದರಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿ. ಫ್ರೇಮಿನೊಳಗೆ ಎಷ್ಟು ಅಗಲದ ಜಾಗ ಹಿಡಿಸುತ್ತದೆ ಅಂತ ಸಿಗುತ್ತದೆ. ಕರಡಿ ನೂರು ಮೀಟರ್ ದೂರದಲ್ಲಿದೆ ಅಂತ ಇಟ್ಟುಕೊಳ್ಳಿ. 250ರಲ್ಲಿ ಸುಮಾರು 9 ಮೀಟರ್ ಜಾಗ ಕಾಣುತ್ತದೆ. ಒಂದೂವರೆ ಮೀಟರ್ ಕರಡಿ ಅದರಲ್ಲಿ ಆರನೇ ಒಂದು ಭಾಗ ಅಷ್ಟೇ. 400ರಲ್ಲಿ ಐದೂವರೆ ಮೀಟರ್, 600ರಲ್ಲಿ 3.7 ಮೀಟರ್. ಆಗ ಕರಡಿ ಫ್ರೇಮಿನ ಶೇಕಡಾ 40ರಷ್ಟು ಅಗಲ ತುಂಬುತ್ತದೆ. ಕಣ್ಣು, ಮೂತಿ, ಎದೆಯ ಬಿಳಿ ಗುರುತು ಎಲ್ಲ ಕಾಣುತ್ತವೆ. ದರೋಜಿಯಲ್ಲಿ ವೀಕ್ಷಣಾ ಗೋಪುರ ಬಿಟ್ಟು ಮುಂದೆ ಹೋಗುವಂತಿಲ್ಲ. ಹಾಗಾಗಿ ಅಲ್ಲಿ 600 ದುಂದುವೆಚ್ಚ ಅಲ್ಲ.

ನಿಮ್ಮ ಹಣಕ್ಕೆ ಎರಡು ಹೆಸರು: ಸಿಗ್ಮಾ 150-600 ಕಾಂಟೆಂಪರರಿ, ಟ್ಯಾಮ್ರಾನ್ 150-600 ಜಿ2. ಎರಡೂ ಎರಡು ಕಿಲೋ ಆಸುಪಾಸು. ಎರಡೂ 600ರಲ್ಲಿ ಎಫ್/6.3 (ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಬೆಳಕು ಒಳಗೆ ಬರುತ್ತದೆ). ನನ್ನ ಒಲವು ಸಿಗ್ಮಾ ಕಡೆ, ಅದು ಸ್ವಲ್ಪ ಹಗುರ. ಅದರದ್ದೇ ಸ್ಪೋರ್ಟ್ಸ್ ಮಾದರಿ ಮೂರು ಕಿಲೋ ಹತ್ತಿರ ತೂಗುತ್ತದೆ, ಕೈಯಲ್ಲಿ ಹಿಡಿದು ಕಾಯೋರಿಗೆ ಅಲ್ಲ. ಕೊಳ್ಳುವಾಗ ಕ್ಯಾನನ್ ಇಎಫ್ ಮೌಂಟ್ (ಲೆನ್ಸ್ ಕ್ಯಾಮೆರಾಗೆ ಕೂರುವ ಜೋಡಣೆ) ಅಂತ ಕೇಳಿ. ಕ್ಯಾನನ್ನಿನ ಆರ್‌ಎಫ್ 100-400 ಬರೀ 635 ಗ್ರಾಂ, ಚೆಂದದ ಲೆನ್ಸ್, ಆದರೆ ನಿಮ್ಮ ಕ್ಯಾಮೆರಾಗೆ ಕೂರೋದೇ ಇಲ್ಲ. ನಾಳೆ ನೀವು ಮಿರರ್‌ಲೆಸ್ ಕೊಂಡರೂ ಇಎಫ್ ಲೆನ್ಸನ್ನು ಅಡಾಪ್ಟರ್ ಹಾಕಿ ಬಳಸಬಹುದು. 2ಎಕ್ಸ್ ಕನ್ವರ್ಟರ್ (ಲೆನ್ಸಿನ ಎಂಎಂ ದುಪ್ಪಟ್ಟು ಮಾಡುವ ತುಂಡು) ಹಾಕಿ 1200 ಮಾಡಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎಫ್/6.3 ಹೋಗಿ ಎಫ್/13 ಆಗುತ್ತದೆ, ನಿಮ್ಮ ಕ್ಯಾಮೆರಾದ ಆಟೋಫೋಕಸ್ ಕೈ ಎತ್ತುತ್ತದೆ.

ಸ್ಟೆಬಿಲೈಸರ್ ಇದ್ದರೆ ಸಾಕು ಅನ್ನೋ ನಂಬಿಕೆ ಬಹಳ ಜನರಿಗೆ ಇದೆ. ಅದು ನಿಲ್ಲಿಸೋದು ನಿಮ್ಮ ಕೈ ನಡುಕವನ್ನು. ಬಂಡೆ ನೆಕ್ಕುತ್ತಿರುವ ಕರಡಿಯ ತಲೆ ಅಲ್ಲಾಡೋದನ್ನು ಅಲ್ಲ. ಬೆಳಕಿರುವಾಗ ಶಟರ್ ವೇಗ 1/500 ಸೆಕೆಂಡ್ ಇಡಿ. ಸಂಜೆಯಾದಾಗ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸೋಕೆ ಹೆದರಬೇಡಿ. ಅದರಿಂದ ಬರುವ ಗ್ರೇನ್, ಅಂದರೆ ಚುಕ್ಕೆ ಚುಕ್ಕೆ, ಇರುವ ಚಿತ್ರ ಬದುಕುತ್ತದೆ, ಅಲುಗಿದ ಚಿತ್ರವನ್ನು ಏನು ಮಾಡಿದರೂ ಉಳಿಸೋಕೆ ಆಗಲ್ಲ. ಆಸರೆಗೆ ಬೀನ್ ಬ್ಯಾಗ್ ಸಾಕು. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಂದು ಕಡೆ ಹೊಲಿಸಿ, ಒಳಗೆ ಎರಡು ಸೇರು ಜೋಳ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ. ಕಟ್ಟೆ ಮೇಲಿಟ್ಟು ಲೆನ್ಸ್ ಒತ್ತಿದರೆ ಟ್ರೈಪಾಡಿಗಿಂತ ಗಟ್ಟಿಯಾಗಿ ಕೂರುತ್ತದೆ.

ಈಗ ನಮ್ಮ ಕಡೆಯ ದೊಡ್ಡ ತೊಂದರೆಗೆ ಬರುತ್ತೇನೆ: ಬಿಸಿಲಿನ ಝಳ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬೆಳಗ್ಗೆ ಹತ್ತಕ್ಕೆಲ್ಲ ಬಂಡೆ, ಎರೆಹೊಲ ಕಾದಿರುತ್ತವೆ. ಮೇಲಿನ ಗಾಳಿ ಅಲೆ ಅಲೆಯಾಗಿ ಏಳುತ್ತದೆ. ಇನ್ನೂರು ಮೀಟರ್ ಆಚೆ ನಿಂತ ಚಿಗರಿಯ ಕೊಂಬು ಆ ಗಾಳಿಯಲ್ಲಿ ಕರಗಿಹೋಗುತ್ತದೆ. ಜನ ಲೆನ್ಸ್ ಸರಿಯಿಲ್ಲ ಅಂತ ಅಂಗಡಿಗೆ ವಾಪಸ್ ಒಯ್ಯುತ್ತಾರೆ! ಲೈವ್ ವ್ಯೂ ಹಾಕಿ, ಅಂದರೆ ಚಿತ್ರವನ್ನು ಹಿಂದಿನ ಪರದೆಯಲ್ಲಿ ತಂದು, ಹತ್ತು ಪಟ್ಟು ದೊಡ್ಡದು ಮಾಡಿ ನೋಡಿ. ಚಿತ್ರದ ಅಂಚು ಕುದಿಯುತ್ತಾ ಇದ್ದರೆ ಎಂಥಾ ದುಬಾರಿ ಲೆನ್ಸೂ ಏನೂ ಮಾಡಲಾರದು. ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಇಲ್ಲವೇ ಚಳಿಗಾಲ, ಇವೆರಡೇ ದಾರಿ. ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತು ಬರೋದೂ ಚಳಿಗಾಲದಲ್ಲೇ. ಆ ಹಾರುವ ಹಿಂಡಿಗೆ 1/2000 ಇಡಿ, ಎಐ ಸರ್ವೊ (ಚಲಿಸುವುದನ್ನು ಹಿಂಬಾಲಿಸುವ ಫೋಕಸ್) ಹಾಕಿ, ನಡುವಿನ ಫೋಕಸ್ ಪಾಯಿಂಟ್ ಒಂದನ್ನೇ ಬಳಸಿ. 1500ಡಿಯಲ್ಲಿ ನಂಬಬಹುದಾದ ಪಾಯಿಂಟ್ ಅದು. 300ರಲ್ಲಿ ಹಕ್ಕಿಯನ್ನು ಹಿಡಿದು ಆಮೇಲೆ ಜೂಮ್ ಮಾಡಿ.

ಸಂಡೂರು ಕಡೆ ಕೆಂಪು ಧೂಳು ಜಾಸ್ತಿ, ದಾರಿಯಲ್ಲಿ ಲೆನ್ಸ್ ಬದಲಿಸಬೇಡಿ. ಮುದ್ಲಾಪುರದಿಂದ ಕಂಪ್ಲಿವರೆಗೆ ನದಿಯ 34 ಕಿಲೋಮೀಟರ್ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ 600 ಇದ್ದೂ ಮರಿಗಳ ಹತ್ತಿರ ಹೋಗೋರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ದಡದಲ್ಲೇ ಕೂತು ಕಾಯಿರಿ. ಕೊಪ್ಪಳ ಜಿಲ್ಲೆಯ ಬಂಕಾಪುರದ ತೋಳಗಳ ಗುಹೆಗೂ ಇದೇ ಮಾತು.

ಕಬಡ್ಡಿಗೆ 85 ಎಂಎಂ ಎಫ್/1.8 ತಗೊಳ್ಳಿ. ಎಫ್/6.3ಕ್ಕೆ ಹೋಲಿಸಿದರೆ ಹನ್ನೆರಡು ಪಟ್ಟು ಬೆಳಕು ಒಳಗೆ ಬರುತ್ತದೆ. ಜಾತ್ರೆಯ ದೀಪದಲ್ಲಿ 600 ಲೆನ್ಸಿಗೆ 1/40 ಸಿಕ್ಕರೆ ಇದಕ್ಕೆ 1/500 ಸಿಗುತ್ತದೆ, ರೈಡರ್‌ನ ಕೈ ನಿಲ್ಲುತ್ತದೆ. ಅಂಕಣದ ಮೂಲೆಯಲ್ಲಿ ಕೂತರೆ ಹತ್ತು ಮೀಟರಿನಲ್ಲಿ ರೈಡರ್ ಜೊತೆ ಹಿಡಿಯೋನೂ ಫ್ರೇಮಿನಲ್ಲಿ ಬರುತ್ತಾನೆ. ಫ್ಲಾಶ್ ಹಾಕಬೇಡಿ, ಆಟಗಾರರ ಕಣ್ಣಿಗೆ ಹೊಡೆಯುತ್ತದೆ. ಹಣ ಸಾಲದಿದ್ದರೆ 50 ಎಂಎಂ ಎಫ್/1.8ರಿಂದ ಶುರು ಮಾಡಿ. ನಾನಾದರೆ 150-600 ಅನ್ನು ಸೆಕೆಂಡ್ ಹ್ಯಾಂಡ್ ಹುಡುಕಿ, ಉಳಿದಿದ್ದರಲ್ಲಿ 85 ಕೊಳ್ಳುತ್ತೇನೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಟೆಲಿ ಲೆನ್ಸ್ ಕೊಳ್ಳುವಾಗ ಏನೇನು ನೋಡಬೇಕು?
– ರಾಯಚೂರಿನ ಓದುಗರು

ಉತ್ತರ: ನಿಮ್ಮದೇ ಕ್ಯಾಮೆರಾ ಒಯ್ಯಿರಿ. ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿನೊಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಅಲ್ಲಿಗೇ ಬಿಡಿ. ನಾಲ್ಕಾರು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೂಮ್ ರಿಂಗ್ ತಿರುಗಿಸುವಾಗ ಕರಕರ ಅಂದರೆ ಒಳಗೆ ಮರಳು ಹೋಗಿದೆ. ಆಮೇಲೆ ಪೂರ್ತಿ ಜೂಮಿನಲ್ಲಿ, ನಿಂತ ಬಸ್ಸಿನ ನಂಬರ್ ಪ್ಲೇಟ್ ಒಂದನ್ನು ಎರಡು ಸಲ ತೆಗೆಯಿರಿ. ಒಮ್ಮೆ ವ್ಯೂಫೈಂಡರ್‌ನಲ್ಲಿ, ಒಮ್ಮೆ ಲೈವ್ ವ್ಯೂನಲ್ಲಿ. ಎರಡೂ ಮಸುಕಾದರೆ ಲೆನ್ಸೇ ಕೆಟ್ಟಿದೆ. ಲೈವ್ ವ್ಯೂನದು ಮಾತ್ರ ಚೂಪಾಗಿದ್ದರೆ ಫೋಕಸ್ ಹೊಂದಾಣಿಕೆ ತಪ್ಪಿದೆ. ಸಿಗ್ಮಾಗೆ ಯುಎಸ್‌ಬಿ ಡಾಕ್, ಟ್ಯಾಮ್ರಾನ್ ಜಿ2ಗೆ ಟ್ಯಾಪ್-ಇನ್ ಕನ್ಸೋಲ್ ಸಿಗುತ್ತವೆ, ಅವುಗಳಲ್ಲಿ ಸರಿಮಾಡಬಹುದು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿಸಿಕೊಳ್ಳಿ. ಈ ಪರೀಕ್ಷೆ ಬೆಳಗ್ಗೆ ಎಂಟರೊಳಗೆ ಮುಗಿಸಿ. ರಾಯಚೂರಿನ ಮಧ್ಯಾಹ್ನದಲ್ಲಿ ಮಾಡಿದರೆ ಒಳ್ಳೇ ಲೆನ್ಸನ್ನೂ ಕೆಟ್ಟಿದೆ ಅಂತ ಬಿಟ್ಟುಬರುತ್ತೀರಿ.