ಓದುಗರ ಪ್ರಶ್ನೆ: ಪ್ರೋಟೀನ್ ಹೆಚ್ಚಿದರೆ ಸಾರಜನಕ ಮೈಯಲ್ಲಿ ಉಳಿಯುತ್ತದೆಯೇ?

ಪ್ರಶ್ನೆ: ಬೆಳವಣಿಗೆ ಮುಗಿದ ನಾಯಿಗೆ ದಿನಕ್ಕೆ 300 ಗ್ರಾಂ ಆಹಾರ. ಅದರ ಪ್ರೋಟೀನನ್ನು ಶೇ. 25ರಿಂದ 40ಕ್ಕೆ ಏರಿಸಿದ್ದೇವೆ. ತಿಂದದ್ದರಿಂದ ಮಲಮೂತ್ರದಲ್ಲಿ ಹೋದದ್ದನ್ನು ಕಳೆದರೆ, ದಿನಕ್ಕೆ 1 ಗ್ರಾಂ ಸಾರಜನಕ ಮೈಯಲ್ಲೇ ಉಳಿಯುತ್ತಿದೆಯೆಂದು ಲೆಕ್ಕ ಹೇಳುತ್ತದೆ. 60 ದಿನವಾದರೂ ತೂಕ ಏರಿಲ್ಲ. ಸ್ನಾಯು ಬೆಳೆಯುತ್ತಿದೆಯೇ?

ಉತ್ತರ: ಇಲ್ಲ. ತಪ್ಪಿರುವುದು ಅಳತೆಯಲ್ಲಿ. ಪ್ರೋಟೀನಿನಲ್ಲಿ ಸಾರಜನಕ ಸುಮಾರು ಶೇ. 16, ಅಂದರೆ 1 ಗ್ರಾಂ ಸಾರಜನಕಕ್ಕೆ 6.25 ಗ್ರಾಂ ಪ್ರೋಟೀನ್. 60 ದಿನಕ್ಕೆ 375 ಗ್ರಾಂ ಪ್ರೋಟೀನಾಯಿತು. ಮಾಂಸಖಂಡದಲ್ಲಿ ಪ್ರೋಟೀನ್ ಐದನೇ ಒಂದು ಭಾಗ ಮಾತ್ರ, ಉಳಿದದ್ದು ಬಹುಪಾಲು ನೀರು. ಹಾಗಾಗಿ ನಿಮ್ಮ ಲೆಕ್ಕ ನಿಜವಾಗಿದ್ದರೆ ಸುಮಾರು 1.9 ಕೆ.ಜಿ. ಮಾಂಸ ತುಂಬಿಕೊಂಡಿರಬೇಕಿತ್ತು. ಸಾರಜನಕದ ಲೆಕ್ಕವನ್ನು ಯಾವಾಗಲೂ ತೂಕದ ಪಕ್ಕದಲ್ಲಿಟ್ಟೇ ಓದಬೇಕು.

ನಿಮ್ಮ ನಾಯಿ ಮೊದಲು ದಿನಕ್ಕೆ 12 ಗ್ರಾಂ ಸಾರಜನಕ ತಿನ್ನುತ್ತಿತ್ತು, ಈಗ 19.2 ಗ್ರಾಂ. ಹೆಚ್ಚುವರಿ ಅಮೈನೋ ಆಮ್ಲಗಳನ್ನು (ಪ್ರೋಟೀನಿನ ಘಟಕಗಳು) ಒಡೆದು ಯೂರಿಯಾ (ಮೂತ್ರದಲ್ಲಿ ಹೊರಹೋಗುವ ಸಾರಜನಕದ ತ್ಯಾಜ್ಯ) ಮಾಡುವ ಕಿಣ್ವಗಳು ಯಕೃತ್ತಿನಲ್ಲಿ ಹೆಚ್ಚಲು ಕೆಲವು ದಿನ ಬೇಕು. ಆ ದಿನಗಳಲ್ಲಿ ಸ್ವಲ್ಪ ಸಾರಜನಕ ನಿಜಕ್ಕೂ ಒಳಗುಳಿಯುತ್ತದೆ: ಕೆಲವಂಶ ಯಕೃತ್ತು, ಕರುಳಿನ ಪ್ರೋಟೀನಾಗಿ, ಕೆಲವಂಶ ದೇಹದ ನೀರಿನಲ್ಲಿ ಯೂರಿಯಾ ಆಗಿ. ಆಮೇಲೆ ಒಳಬಂದಷ್ಟೂ ಹೊರಹೋಗುತ್ತದೆ. ಪ್ರೋಟೀನ್ ಇಳಿಸಿದರೆ ಇದೇ ಕಥೆ ತಿರುವುಮುರುವು. ಕೂಡಿಟ್ಟದ್ದು ಕೆಲವೇ ದಿನಗಳಲ್ಲಿ ಖಾಲಿ.

ಇನ್ನು ಆ 1 ಗ್ರಾಂ ಎಲ್ಲಿಂದ ಬಂತು? ಚೆಲ್ಲಿದ ಆಹಾರ ‘ತಿಂದದ್ದು’ ಎಂದು ಸೇರುತ್ತದೆ. ಮಲಮೂತ್ರ ಸಂಗ್ರಹಿಸಲು ನಾಯಿಯನ್ನಿಡುವ ಪಂಜರದ ತಳದಲ್ಲಿ ಮೂತ್ರ ಒಣಗುತ್ತದೆ, ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಉದುರಿದ ಕೂದಲನ್ನು ಯಾರೂ ಎಣಿಸುವುದಿಲ್ಲ. ಈ ತಪ್ಪುಗಳೆಲ್ಲ ಒಂದೇ ದಿಕ್ಕಿನವು: ತಿಂದದ್ದು ಹೆಚ್ಚಾಗಿ, ಹೊರಹೋದದ್ದು ಕಡಿಮೆಯಾಗಿ ಕಾಣುತ್ತದೆ. ಪ್ರೋಟೀನ್ ಹೆಚ್ಚಿದಷ್ಟೂ ಮೂತ್ರದ ಯೂರಿಯಾ ಹೆಚ್ಚು, ಹಾರಿಹೋಗುವುದೂ ಹೆಚ್ಚು. ಹೀಗಾಗಿ ಹೆಚ್ಚು ಪ್ರೋಟೀನಿನ ಆಹಾರಕ್ಕೆ ಸಲ್ಲದ ಶ್ರೇಯ ಸಿಗುತ್ತದೆ.

ಹೊಸ ಆಹಾರಕ್ಕೆ 7ರಿಂದ 10 ದಿನ ಹೊಂದಿಕೊಳ್ಳಲು ಬಿಟ್ಟು, ನಂತರದ 5ರಿಂದ 7 ದಿನ ಮಲಮೂತ್ರ ಸಂಗ್ರಹಿಸಿ. ಅಮೋನಿಯಾ ಹಾರದಂತೆ ಮೂತ್ರದ ಬಾಟಲಿಗೆ ಮೊದಲೇ ಸಾರರಿಕ್ತ (ತೆಳುವಾಗಿಸಿದ) ಸಲ್ಫ್ಯೂರಿಕ್ ಆಮ್ಲ ಹಾಕಿ, ಪಿಎಚ್ 3ಕ್ಕಿಂತ ಕೆಳಗಿರಲಿ. ದಿನವೂ ತಳವನ್ನು ಭಟ್ಟಿ ಇಳಿಸಿದ ನೀರಿನಿಂದ ತೊಳೆದು ಆ ನೀರನ್ನೂ ಬಾಟಲಿಗೆ ಸೇರಿಸಿ. ಚೆಲ್ಲಿದ ಮತ್ತು ಉಳಿದ ಆಹಾರವನ್ನು ಒಣಗಿಸಿ ತೂಗಿ ಕಳೆಯಿರಿ. ಮಲವನ್ನು ಮಾತ್ರ ಒಲೆಯಲ್ಲಿ ಒಣಗಿಸಬೇಡಿ, ಅಲ್ಲೂ ಅಮೋನಿಯಾ ಹೋಗುತ್ತದೆ; ಹೆಪ್ಪುಗಟ್ಟಿಸಿಟ್ಟು ಹಸಿಯಾಗಿಯೇ ಪರೀಕ್ಷಿಸಿ.

ಪ್ರಶ್ನೆ: ಹಾಗಾದರೆ ವಯಸ್ಕ ಪ್ರಾಣಿಯಲ್ಲಿ ಸಾರಜನಕ ಉಳಿಯುವುದೇ ಇಲ್ಲವೇ?

ಉತ್ತರ: ಕಟ್ಟುವ ಕೆಲಸ ಇದ್ದರೆ ಉಳಿಯುತ್ತದೆ: ಗರ್ಭ, ಕಾಯಿಲೆ ಅಥವಾ ಹಸಿವಿನಿಂದ ಕರಗಿದ ಮೈ ಮತ್ತೆ ತುಂಬುವುದು, ಸ್ನಾಯುವಿಗೆ ಹೊಸ ಶ್ರಮ. ಶಕ್ತಿಯೂ ಸಾಕಷ್ಟಿರಬೇಕು, ಕ್ಯಾಲೊರಿ ಸಾಲದಿದ್ದರೆ ಪ್ರೋಟೀನೇ ಉರುವಲಾಗುತ್ತದೆ.

ಪ್ರಶ್ನೆ: ಬೆಕ್ಕಿಗೂ ಇದೇ ಲೆಕ್ಕವೇ?

ಉತ್ತರ: ಪ್ರೋಟೀನ್ ಹೆಚ್ಚಿದ್ದಾಗ ಹೌದು, ಹೆಚ್ಚು ತಿಂದರೆ ಹೆಚ್ಚು ಯೂರಿಯಾ. ಕಡಿಮೆಯಿದ್ದಾಗ ಅಲ್ಲ. ಪ್ರೋಟೀನ್ ಕಡಿಮೆಯಾದಾಗ ಅಮೈನೋ ಆಮ್ಲ ಒಡೆಯುವ ಕಿಣ್ವಗಳನ್ನು ನಾಯಿಯಷ್ಟು ತಗ್ಗಿಸಲು ಬೆಕ್ಕಿಗೆ ಆಗದು. ನಾಯಿ ಸಮತೋಲನ ಕಾಯ್ದುಕೊಳ್ಳುವ ಆಹಾರದಲ್ಲೇ ಬೆಕ್ಕು ತನ್ನ ಮಾಂಸ ಕರಗಿಸಿಕೊಳ್ಳಬಹುದು, ಆದ್ದರಿಂದ ನಾಯಿಯ ಆಹಾರವನ್ನು ಅದಕ್ಕೆ ಹಾಕಬೇಡಿ.