ಹುಬ್ಬಳ್ಳಿಯ ಧೂಳಿಗೆ ನಿವಾಸಿಗಳು ಏನು ಮಾಡಬಹುದು?

ವರ್ಗವಾಗಿ ಹುಬ್ಬಳ್ಳಿಗೆ ಬಂದು ನಾಲ್ಕು ತಿಂಗಳಾಯಿತು, ಬೆಳಿಗ್ಗೆ ಒರೆಸಿದ ಬೈಕಿನ ಸೀಟಿನ ಮೇಲೆ ಮಧ್ಯಾಹ್ನ ಹೆಸರು ಬರೆಯಬಹುದು, ಮಗಳಿಗೆ ಕೆಮ್ಮು ಬೇರೆ, ನಮ್ಮಂಥವರು ಏನಾದರೂ ಮಾಡಬಹುದೇ, ಗಿಡ ನೆಟ್ಟರೆ ಸಾಕೇ ಎಂದು ಕೇಳಿದ್ದೀರಿ. ಗಿಡ ನೆಡಿ, ಬೇಡ ಎನ್ನುವುದಿಲ್ಲ. ಆದರೆ ಆ ಬೇವು ನೆರಳು ಕೊಡುವ ಹೊತ್ತಿಗೆ ನಿಮಗೆ ಮತ್ತೊಂದು ವರ್ಗವಾಗಿರುತ್ತದೆ.

ಧೂಳು ನಿಮ್ಮ ಭ್ರಮೆಯಲ್ಲ. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ, ಗಾಳಿಯ ಗುಣಮಟ್ಟ ಮಿತಿಯೊಳಗಿಲ್ಲದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ನಮ್ಮ ಹುಬ್ಬಳ್ಳಿ-ಧಾರವಾಡ. ರಸ್ತೆ, ಕಾಮಗಾರಿ, ಕಾರ್ಖಾನೆ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಗೆ ನೇರವಾಗಿ ಸಿಗುವುದು ಎರಡೇ: ಮನೆ ಮುಂದೆ ಹಾರುವ ಮಣ್ಣು, ಓಣಿಯೊಳಗಿನ ಸಣ್ಣ ಸಣ್ಣ ಬೆಂಕಿ.

ಮಣ್ಣಿನ ವಿಷಯದಲ್ಲಿ ಮೊದಲು ನನ್ನ ತಪ್ಪೊಪ್ಪಿಗೆ. ಮೂರು ವರ್ಷದ ಹಿಂದೆ ಮನೆಯ ಮೇಲೆ ಒಂದು ಅಂತಸ್ತು ಏರಿಸಿದೆವು. ಎರಡು ಟ್ರ್ಯಾಕ್ಟರ್ ಎಂ-ಸ್ಯಾಂಡ್, ಒಂದು ಟ್ರ್ಯಾಕ್ಟರ್ ಖಡಿ ರಸ್ತೆಯ ಅಂಚಿನಲ್ಲೇ ಬಿದ್ದಿದ್ದವು. ಹಾದು ಹೋಗುವ ಪ್ರತಿ ಗಾಡಿಯೂ ಒಂದಿಷ್ಟನ್ನು ಅರೆದು ಗಾಳಿಗೆ ತೂರುತ್ತಿತ್ತು. ಏಪ್ರಿಲ್ ತಿಂಗಳು, ಎದುರು ಮನೆಯ ಅಜ್ಜಿ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದರು. ಒಂದು ಸಂಜೆ ತಟ್ಟೆ ಹಿಡಿದುಕೊಂಡು ಬಂದು, “ತಮ್ಮಾ, ನಿನ್ನ ಮನೆ ಅರ್ಧ ನನ್ನ ಸಂಡಿಗೆಯಲ್ಲಿದೆ, ಕಚ್ಚಿ ನೋಡು” ಎಂದರು. ಕಚ್ಚಿದೆ. ಹಲ್ಲು ಕರಕರ ಎಂದಿತು.

ಮರುದಿನವೇ ತಾಡಪತ್ರಿ ತಂದು ಹೊದಿಸಿ, ಸುತ್ತ ಎರಡು ಸಾಲು ಇಟ್ಟಿಗೆ ಇಟ್ಟೆ. ಒಂದೆರಡು ಚೀಲ ಸಿಮೆಂಟಿನ ಬೆಲೆಯಲ್ಲಿ ಮುಗಿದ ಕೆಲಸ. ಟೈಲ್ಸ್ ಕತ್ತರಿಸುವಾಗ ನೀರು ಬಿಟ್ಟುಕೊಂಡೇ ಕತ್ತರಿಸಬೇಕೆಂದು ಗೌಂಡಿಗೆ ಹೇಳಿದೆ. ಆ ಬಿಳಿ ಪುಡಿಯಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ, ಎಲ್ಲರಿಗಿಂತ ಮೊದಲು ಅದನ್ನು ನುಂಗುವವರು ಕೆಲಸಗಾರರೇ. ನಿಮ್ಮ ಓಣಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಜಗಳಕ್ಕೆ ಹೋಗಬೇಡಿ, ಸಂಡಿಗೆಯ ದಾರಿ ಹಿಡಿಯಿರಿ.

ರಸ್ತೆಗೆ ನೀರು ಹೊಡೆಯಿರಿ ಎಂದು ಹೇಳುವುದು ಸುಲಭ. ಸವದತ್ತಿಯಿಂದ ಬರುವ ಮಲಪ್ರಭೆಯ ನೀರು ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ಇಳಿಯುತ್ತದೆ ಎಂಬುದು ನಾಲ್ಕು ತಿಂಗಳಲ್ಲಿ ನಿಮಗೂ ತಿಳಿದಿರಬೇಕು. ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಎತ್ತಿಟ್ಟು, ಕಸ ಗುಡಿಸುವ ಮೊದಲು ಚಿಮುಕಿಸಿದರೆ ಸಾಕು. ಗುಡಿಸಿದ ಮಣ್ಣನ್ನು ರಸ್ತೆಯ ಅಂಚಿಗೆ ತಳ್ಳಬೇಡಿ, ಮುಂದಿನ ಆಟೊದ ಹಿಂದೆಯೇ ಅದು ಒಳಗೆ ಬರುತ್ತದೆ. ಗೇಟಿನಿಂದ ಡಾಂಬರಿನವರೆಗಿನ ನಾಲ್ಕಡಿ ಬರಿ ನೆಲಕ್ಕೆ ಗರಿಕೆ ಹಚ್ಚಿ, ಇಲ್ಲವೇ ಸಂದು ಬಿಟ್ಟು ಫರಸಿ ಹಾಸಿ. ನಮ್ಮ ಮನೆಯೊಳಗಿನ ಧೂಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದದ್ದು ಇದರಿಂದಲೇ.

ಹೊಗೆಯ ಲೆಕ್ಕ ಬೇರೆ. ದಪ್ಪ ಧೂಳನ್ನು ಮೂಗು, ಗಂಟಲು ಬಹಳಷ್ಟು ತಡೆಯುತ್ತವೆ. ಹೊಗೆಯ ಕಣ ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. 2.5 ಮೈಕ್ರಾನಿನವರೆಗಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 5ಕ್ಕೆ ಇಳಿಸಿತು. ಹಳೆಯ ಓಣಿಗಳಲ್ಲಿ ಹಂಡೆಯ ನೀರು ಕಾಯಿಸಲು ಬೆಂಕಿ ಬೇಗ ಹತ್ತಲಿ ಎಂದು ಒಲೆಗೆ ಹಾಲಿನ ಪಾಕೀಟು, ಹರಿದ ಚಪ್ಪಲಿ ತುರುಕುತ್ತಾರೆ. ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗೆ ಕುಳಿತಿರುತ್ತದೆ, ಆ ಹೊಗೆ ಮೇಲೇರದೆ ಕಿಟಕಿಯ ಮಟ್ಟದಲ್ಲೇ ತೂಗಾಡುತ್ತದೆ. ತೆಂಗಿನ ನಾರು ಕೂಡ ಅಷ್ಟೇ ಬೇಗ ಹತ್ತುತ್ತದೆ. ನಾನು ಒಂದು ಚೀಲ ತುಂಬಿ ಪಕ್ಕದ ಮನೆಗೆ ಕೊಟ್ಟೆ. ಬುದ್ಧಿ ಹೇಳಿದ್ದರೆ ಮಾತು ಬಿಡುತ್ತಿದ್ದರು.

ಎಲೆ ಉದುರುವ ಕಾಲಕ್ಕೆ ಇನ್ನೊಂದು ಬೆಂಕಿ. ರಸ್ತೆ ಬದಿ ಎಲೆರಾಶಿ ಹೊತ್ತಿದಾಗ ಪೌರಕಾರ್ಮಿಕರನ್ನು ಬೈಯುತ್ತೇವೆ, ಆ ರಾಶಿಯೊಳಗೆ ಪ್ಲಾಸ್ಟಿಕ್ ಬೆರೆಸಿದವರು ನಾವೇ. ಹಳೆಯ ಡ್ರಮ್ಮಿಗೆ ತೂತು ಹೊಡೆದು ಎಲೆ ತುಂಬಿ, ಸಗಣಿ ನೀರು ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ನಾಲ್ಕೈದು ತಿಂಗಳಿಗೆ ಗೊಬ್ಬರವಾಗುತ್ತದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿದೆ. ದಂಡ ಕಟ್ಟಿದವರನ್ನು ನಾನಂತೂ ನೋಡಿಲ್ಲ. ಇನ್ನು ಕಾಮದಹನ: ಕುಳ್ಳು, ಕಟ್ಟಿಗೆ ಹಾಕಲಿ, ಸಂಪ್ರದಾಯ ಅಷ್ಟೇ. ಹುಡುಗರು ಉರುಳಿಸಿಕೊಂಡು ಬರುವ ಟೈರನ್ನು ಓಣಿಯ ಹಿರಿಯರು ಹಿಂದಿನ ದಿನವೇ ಎತ್ತಿಡಬೇಕು.

ವಾಹನದ ಬಗ್ಗೆ ನಿಮಗೆ ಗೊತ್ತಿರುವುದನ್ನೇ ಹೇಳಬೇಕಾಗುತ್ತದೆ: ಹೊಗೆ ತಪಾಸಣೆಯನ್ನು ಚೀಟಿಗಾಗಿ ಮಾಡಿಸದೆ ನಿಜವಾಗಿ ಮಾಡಿಸಿ, ಚೆನ್ನಮ್ಮ ವೃತ್ತದಲ್ಲಿ ಕೆಂಪು ದೀಪ ಬಿದ್ದಾಗ ಎಂಜಿನ್ ಆರಿಸಿ, ಧಾರವಾಡಕ್ಕೆ ಒಬ್ಬರೇ ಹೋಗುವಾಗ ಕಾರು ಬಿಟ್ಟು ಚಿಗರಿ ಬಸ್ ಹತ್ತಿ.

ದೂರು ಕೊಡುವುದಾದರೆ ಫೋಟೊ ಜೊತೆಗೆ ಹತ್ತಿರದ ವಿದ್ಯುತ್ ಕಂಬದ ಸಂಖ್ಯೆಯನ್ನೂ ಬರೆಯಿರಿ. ‘ಗುಡಿಯ ಹಿಂದೆ’ ಎಂದರೆ ನಮ್ಮ ಊರಿನಲ್ಲಿ ಯಾವ ಗುಡಿ ಎಂದು ಹುಡುಕುವುದು?

ಮಗಳ ಕೆಮ್ಮಿನ ಬಗ್ಗೆ ಒಂದು ಪ್ರಶ್ನೆ: ರಾತ್ರಿ ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚುತ್ತೀರಾ? ಹೌದಾದರೆ ಇವತ್ತೇ ಬಿಟ್ಟು ಸೊಳ್ಳೆಪರದೆ ಕಟ್ಟಿ. ಕೆಮ್ಮು ಎರಡು ವಾರ ದಾಟಿದ್ದರೆ ಧೂಳಿನ ಮೇಲೆ ಹಾಕಿ ಸುಮ್ಮನಿರದೆ ಮಕ್ಕಳ ವೈದ್ಯರಿಗೆ ತೋರಿಸಿ.