ಬಿ.ಪಿ. ಇಳಿದಿದೆ, ಮಾತ್ರೆ ಬಿಡಲಾ?

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ. ಎಂಟು ತಿಂಗಳಿಂದ ದಿನಾ ಆಮ್ಲೋಡಿಪಿನ್ 5 ಮಿ.ಗ್ರಾಂ. ಮಾತ್ರೆ ನುಂಗುತ್ತಿದ್ದೇನೆ. ಈಗ ಬಿ.ಪಿ. 126/80. ಆದರೆ ಸಂಜೆ ಹೊತ್ತಿಗೆ ಪಾದ ಊದಿ, ಚಪ್ಪಲಿ ಪಟ್ಟಿಯ ಗುರುತು ಬೀಳುತ್ತದೆ. ಮಾತ್ರೆ ನಿಲ್ಲಿಸಬಹುದಾ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ ಅಮ್ಮಾ. 126ಕ್ಕೆ ಇಳಿದಿರುವುದೇ ಮಾತ್ರೆಯಿಂದ ಅಲ್ವಾ? ಬಿಟ್ಟರೆ ಮತ್ತೆ ಏರುತ್ತದೆ, ಏರಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಈ ಮಾತ್ರೆ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಹಾಗಾಗಿ ಪಾದದಲ್ಲಿ ನೀರು ಜಿನುಗಿ ಊತ ಬರುತ್ತದೆ. ನನ್ನ ತಾಯಿಗೂ ಹೀಗೇ ಆಗಿತ್ತು, ಮಾತ್ರೆ ಬದಲಿಸಿದ ಮೇಲೆ ಇಳಿಯಿತು. ನಿಮ್ಮ ಡಾಕ್ಟರಿಗೆ ಪಾದ ತೋರಿಸಿ. ಡೋಸ್ ಕಡಿಮೆ ಮಾಡಬಹುದು, ಇಲ್ಲವೇ ಬೇರೆ ಮಾತ್ರೆ ಕೊಡಬಹುದು. ಏದುಸಿರೂ ಇದ್ದರೆ ಇವತ್ತೇ ಹೋಗಿ. ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗಿರಲಿ, ಅಪ್ಪೆಮಿಡಿ ಉಪ್ಪಿನಕಾಯಿಯಲ್ಲಿರುವುದೂ ಸೇರಿ.